ಓದುಗರ ಪ್ರಶ್ನೆ: ಮುರಿದ ಗರಿ, ಬಾಗಿದ ಬಾಲ, ಬೋಳು ಎದೆ

ಪ್ರಶ್ನೆ: ನಮ್ಮ ಕಾಕಟೀಲ್ (ಜುಟ್ಟಿನ ಪುಟ್ಟ ಸಾಕುಗಿಳಿ) ರಾತ್ರಿ ಯಾವುದಕ್ಕೋ ಬೆಚ್ಚಿ ಪಂಜರದೊಳಗೆ ಬಡಿದಾಡಿತು. ದೀಪ ಹಾಕಿ ನೋಡಿದರೆ ರೆಕ್ಕೆಯ ಒಂದು ಗರಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಅರಿಶಿನ ಒತ್ತಿದೆವು, ನಿಂತಿತು. ಆ ಗರಿಯನ್ನು ಬುಡಸಮೇತ ಕಿತ್ತುಬಿಡಿ, ಇಲ್ಲದಿದ್ದರೆ ಮತ್ತೆ ಸುರಿಯುತ್ತದೆ ಎನ್ನುತ್ತಾರೆ. ಕೀಳಬೇಕೆ?
(ಓದುಗರು, ತುಮಕೂರು)

ಉತ್ತರ: ರಕ್ತ ನಿಂತಿದ್ದರೆ ಕೀಳಬೇಡಿ. ‘ಕಂಡೊಡನೆ ಕಿತ್ತುಬಿಡಿ’ ಎಂಬುದು ಹಳೆಯ ಸಲಹೆ. ಕೀಳುವಾಗ ಹಕ್ಕಿಗೆ ವಿಪರೀತ ನೋವು. ಎಳೆತ ಸ್ವಲ್ಪ ಓರೆಯಾದರೂ ರೆಕ್ಕೆಯ ಮೂಳೆ ಮುರಿಯಬಹುದು, ಗರಿ ಹುಟ್ಟುವ ಚರ್ಮದ ಕುಳಿ ಹರಿದು ಅಲ್ಲಿ ಮುಂದೆ ಗರಿ ಬಾರದೇ ಹೋಗಬಹುದು.

ನೀವು ಕಂಡದ್ದು ರಕ್ತಗರಿ. ಬೆಳೆಯುತ್ತಿರುವ ಗರಿ ಮೇಣದಂಥ ಕವಚದೊಳಗಿರುತ್ತದೆ. ಅದರ ದಂಟಿನಲ್ಲಿ ರಕ್ತ ಹರಿಯುವುದರಿಂದ ಬುಡ ಕಡುನೀಲಿಯಾಗಿ ಕಾಣುತ್ತದೆ. ಬೆಳವಣಿಗೆ ಮುಗಿದಾಗ ರಕ್ತ ಹಿಂದೆ ಸರಿದು ದಂಟು ಬಿಳಿಚುತ್ತದೆ, ಟೊಳ್ಳಾಗುತ್ತದೆ. ಅಲ್ಲಿಂದಾಚೆ ಅದು ನಮ್ಮ ಉಗುರಿನ ತುದಿಯ ಹಾಗೆ: ಮುರಿದರೆ ನೋವಿಲ್ಲ, ರಕ್ತವಿಲ್ಲ, ತಾನಾಗಿ ಕೂಡಿಕೊಳ್ಳುವುದೂ ಇಲ್ಲ. ಹಾಗಾಗಿ ಯಾವ ಗರಿ ಮುರಿದರೂ ಮೊದಲು ದಂಟಿನ ಬಣ್ಣ ನೋಡಿ.

ರಕ್ತದ ಲೆಕ್ಕ ತಿಳಿದಿರಲಿ. ಹಕ್ಕಿಯ ರಕ್ತ ಅದರ ತೂಕದ ಹತ್ತರಲ್ಲೊಂದು ಪಾಲು ಎಂದಿಟ್ಟುಕೊಂಡರೆ 90 ಗ್ರಾಂನ ಕಾಕಟೀಲ್‌ನಲ್ಲಿ ಇರುವುದು ಸುಮಾರು 9 ಮಿ.ಲೀ. ಆರೋಗ್ಯವಂತ ಹಕ್ಕಿ ಅದರಲ್ಲಿ ಹತ್ತನೇ ಒಂದಂಶ, ಅಂದರೆ 0.9 ಮಿ.ಲೀ. (ಮಿ.ಲೀ.ಗೆ 20 ಹನಿಯಂತೆ 18 ಹನಿ) ಯಷ್ಟು ಕಳೆದುಕೊಂಡರೂ ಸುಧಾರಿಸಿಕೊಳ್ಳುತ್ತದೆ. 35 ಗ್ರಾಂನ ಬಡ್ಜಿ ಎಂಬ ಇನ್ನೂ ಪುಟ್ಟ ಗಿಳಿಗೆ ಆ ಮಿತಿ 7 ಹನಿ. ಗೋಡೆ, ತಟ್ಟೆಗೆಲ್ಲ ಚಿಮ್ಮಿದ ರಕ್ತ ಇದ್ದುದಕ್ಕಿಂತ ಹೆಚ್ಚಾಗಿ ಕಾಣುತ್ತದೆ ಎಂಬುದೂ ನಿಜ.

ಮತ್ತೊಮ್ಮೆ ಹೀಗಾದರೆ ಫ್ಯಾನ್ ಆರಿಸಿ, ಬೆಳಕು ತಗ್ಗಿಸಿ, ತೆಳು ಟವೆಲ್‌ನಲ್ಲಿ ಹಕ್ಕಿಯನ್ನು ಹಿಡಿಯಿರಿ. ಎದೆಯನ್ನು ಅದುಮಬೇಡಿ, ಹಕ್ಕಿಗೆ ವಪೆ (ಎದೆ, ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಎದೆಮೂಳೆ ಮುಂದಕ್ಕೆ ಹಿಂದಕ್ಕೆ ಆಡಿದರಷ್ಟೇ ಉಸಿರಾಟ. ಮುರಿದ ತುದಿಗೆ ಚಿಟಿಕೆ ಕಾರ್ನ್‌ಫ್ಲೋರ್ ಒತ್ತಿ, ಗಾಜ್ ಬಟ್ಟೆಯಿಂದ 2–3 ನಿಮಿಷ ಬಿಡದೆ ಹಿಡಿಯಿರಿ. ನಡುನಡುವೆ ತೆಗೆದು ನೋಡಿದರೆ ಹೆಪ್ಪು ಕಿತ್ತುಬರುತ್ತದೆ. ಉಗುರಿಗೆ ಬಳಸುವ ರಕ್ತ ನಿಲ್ಲಿಸುವ ಪುಡಿ ಚರ್ಮವನ್ನು ಸುಡುತ್ತದೆ, ಗರಿಯ ಕುಳಿಗೆ ಹಾಕಲೇಬಾರದು. ನಮ್ಮ ಮನೆಗಳಲ್ಲಿ ಗಾಯಕ್ಕೆ ಕಾಫಿಪುಡಿ ಒತ್ತುವ ರೂಢಿಯುಂಟು. ಹಕ್ಕಿ ಗರಿ ತೀಡುವಾಗ ಅದನ್ನು ನುಂಗುತ್ತದೆ, ಕೆಫೀನ್ ಅದಕ್ಕೆ ವಿಷ. ಅರಿಶಿನದಿಂದ ಆ ಅಪಾಯವಿಲ್ಲ, ಆದರೆ ಬಣ್ಣ ಹಿಡಿದು ಮತ್ತೆ ರಕ್ತ ಜಿನುಗುತ್ತಿದೆಯೇ ಎಂಬುದು ತಿಳಿಯುವುದಿಲ್ಲ.

ಎರಡು ಮೂರು ಸಲ ಒತ್ತಿಹಿಡಿದರೂ ನಿಲ್ಲದಿದ್ದರೆ ಮಾತ್ರ ಕೀಳುವ ಮಾತು, ಅದೂ ವೈದ್ಯರ ಕೈಯಲ್ಲಿ. ಒಂದು ಕೈ ರೆಕ್ಕೆಯ ಮೂಳೆಯನ್ನು ಅಲುಗದಂತೆ ಹಿಡಿದಿರಬೇಕು. ಫೋರ್ಸೆಪ್ಸ್‌ನಿಂದ ಗರಿಯನ್ನು ಚರ್ಮದ ಹತ್ತಿರವೇ ಕಚ್ಚಿ, ಗರಿ ಬೆಳೆದ ದಿಕ್ಕಿಗೇ ನೇರವಾಗಿ ಒಂದೇ ಎಳೆತ. ಬಳಿಕ ಕುಳಿಯ ಮೇಲೆ 2 ನಿಮಿಷ ಗಾಜ್. ಹಕ್ಕಿ ಪಂಜರದ ತಳದಲ್ಲಿ ಗರಿ ಉಬ್ಬಿಸಿ ಕೂತರೆ, ಬಾಲ ಕುಲುಕುತ್ತ ಉಸಿರಾಡಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಇನ್ನು ಬೆಚ್ಚಿದ್ದು. ಕತ್ತಲಲ್ಲಿ ಬೆಚ್ಚಿ ಬಡಿದಾಡುವುದು ಕಾಕಟೀಲ್‌ಗಳಲ್ಲಿ ಬಹಳ. ಗೋಡೆಯ ಹಲ್ಲಿ, ಕಿಟಕಿಯಾಚೆಯ ಬೆಕ್ಕು, ವಾಹನದ ದೀಪ ಯಾವುದಾದರೂ ಸಾಕು. ಜೀರೋ ಬಲ್ಬ್ ಉರಿಯುತ್ತಿರಲಿ, ಪಂಜರದ ಮೂರು ಬದಿ ಮಾತ್ರ ಬಟ್ಟೆ ಮುಚ್ಚಿ. ದೀಪಾವಳಿಯ ದಿನಗಳಲ್ಲಿ ಒಳಕೋಣೆಗೆ ಸಾಗಿಸಿ, ಜೋಕಾಲಿ, ಗಂಟೆಗಳನ್ನೆಲ್ಲ ತೆಗೆದಿಡಿ.

ಪ್ರಶ್ನೆ: ಬಾಲದ ಉದ್ದ ಗರಿಗಳು ಬಾಗಿ, ತುದಿ ಪೊರಕೆಯಂತಾಗಿವೆ. ಕೊಬ್ಬರಿ ಎಣ್ಣೆ ಸವರಬಹುದೆ?
(ಓದುಗರು, ಶಿವಮೊಗ್ಗ)

ಉತ್ತರ: ಬೇಡವೇ ಬೇಡ. ಎಣ್ಣೆಯಿಂದ ಗರಿಯ ಎಳೆಗಳು ಅಂಟಿಕೊಂಡು ಮೈ ಬೆಚ್ಚಗಿಡುವ ಗಾಳಿಯ ಪದರ ಹೋಗುತ್ತದೆ, ಹಕ್ಕಿ ಚಳಿ ಹಿಡಿದು ನರಳುತ್ತದೆ. ದಂಟು ಬಾಗಿದೆ, ಸೀಳಿಲ್ಲ ಎಂದಾದರೆ ಬಿಸಿನೀರು ಸಾಕು. ಕುದಿಯುವ ನೀರಲ್ಲ, ಕಾಫಿ ಕುಡಿಯುವ ಬಿಸಿ. ಒಬ್ಬರು ಹಕ್ಕಿ ಹಿಡಿದಿರಲಿ, ಇನ್ನೊಬ್ಬರು ಬಾಗಿದ ಭಾಗವನ್ನಷ್ಟೇ ಕೆಲವು ಸೆಕೆಂಡು ಅದ್ದಿ ಬೆರಳಲ್ಲಿ ನೇರಮಾಡಲಿ. ಚರ್ಮದಿಂದ ಒಂದಿಂಚು ದೂರವಿರಬೇಕು. ಗರಿಯ ಕೆರಾಟಿನ್ (ಉಗುರಿನಲ್ಲೂ ಇರುವ ಪ್ರೋಟೀನು) ಬಿಸಿ ತೇವಕ್ಕೆ ಮೆತ್ತಗಾಗಿ ಹಳೆಯ ಆಕಾರಕ್ಕೆ ಮರಳುತ್ತದೆ. ಪಂಜರ ಚಿಕ್ಕದಿದ್ದರೆ ವಾರದಲ್ಲಿ ಮತ್ತೆ ಅದೇ ಕಥೆ: ಕೂರುವ ಕೋಲಿನಿಂದ ತಳಕ್ಕೂ, ಹಿಂದಿನ ಸರಳಿಗೂ ಬಾಲ ತಗಲದಷ್ಟು ಜಾಗ ಬೇಕು.

ಪ್ರಶ್ನೆ: ಅಂಗಡಿಯವರು ರೆಕ್ಕೆ ಕತ್ತರಿಸಿ ಕೊಟ್ಟಿದ್ದರು. ಆರು ತಿಂಗಳಾದರೂ ಗರಿ ತುಂಬಿಲ್ಲ. ಬಂದದ್ದೆಲ್ಲ ಅರ್ಧಕ್ಕೇ ಮುರಿಯುತ್ತಿದೆ.
(ಓದುಗರು, ದಾವಣಗೆರೆ)

ಉತ್ತರ: ಕತ್ತರಿಸಿದ ಗರಿ ಬೆಳೆಯುವುದಿಲ್ಲ. ಹಕ್ಕಿ ಗರಿ ಉದುರಿಸುವಾಗ ಆ ಮೋಟು ಬಿದ್ದು ಹೊಸದು ಬರಬೇಕು, ಅದಕ್ಕೆ ಆರು ತಿಂಗಳಿಂದ ವರ್ಷ. ಮುರಿಯುವುದಕ್ಕೆ ಕಾರಣ ಬೇರೆ. ಸಹಜವಾಗಿ ಹೊಸ ಗರಿ ಒಂದೊಂದಾಗಿ, ಅಕ್ಕಪಕ್ಕದ ಬಲಿತ ಗರಿಗಳ ಆಸರೆಯಲ್ಲಿ ಬೆಳೆಯುತ್ತದೆ. ನಿಮ್ಮ ಹಕ್ಕಿಯ ಪಕ್ಕದವೆಲ್ಲ ಮೋಟು. ಹಾರಲು ಹೋಗಿ ಬಿದ್ದಾಗ ಒಂಟಿಯಾಗಿ ಚಾಚಿಕೊಂಡ ರಕ್ತಗರಿಗೇ ಪೆಟ್ಟು. ಒಂದೇ ರೆಕ್ಕೆ ಕತ್ತರಿಸಿದ್ದರಂತೂ ತೂಕ ತಪ್ಪಿ ಸುತ್ತಿ ಬೀಳುತ್ತದೆ, ಎದೆಮೂಳೆಯ ಮೇಲಿನ ಚರ್ಮವೂ ಒಡೆಯುತ್ತದೆ.

ಕೂರುವ ಕೋಲುಗಳನ್ನು ತಳದಿಂದ ಒಂದು ಗೇಣಿಗೆ ಇಳಿಸಿ, ಕೆಳಗೆ ದಪ್ಪ ಟವೆಲ್ ಹಾಸಿ. ಎರಡೂ ರೆಕ್ಕೆಯ ಗರಿ ಪೂರ್ತಿ ಬರುವವರೆಗೆ ಭುಜದ ಮೇಲೆ ಕೂರಿಸಿಕೊಂಡು ಓಡಾಡಬೇಡಿ. ಮೋಟುಗಳನ್ನು ಕಿತ್ತರೆ ಬೇಗ ಬರುತ್ತದೆ ಎಂಬುದು ಅರ್ಧ ನಿಜ: ಅರಿವಳಿಕೆ ಕೊಟ್ಟು ವೈದ್ಯರು ಒಂದೆರಡನ್ನೇ ತೆಗೆಯುವುದುಂಟು, ಹಲವನ್ನು ಒಟ್ಟಿಗೆ ತೆಗೆದರೆ ಮತ್ತೆ ಆಸರೆಯಿಲ್ಲದ ಗರಿಗಳೇ. ರೆಕ್ಕೆ ಕತ್ತರಿಸುವುದನ್ನೇ ನಾವು ಒಪ್ಪುವುದಿಲ್ಲ. ಕಿಟಕಿಗೆ ಜಾಲರಿ ಹಾಕಿಸುವುದು ಅದಕ್ಕಿಂತ ಅಗ್ಗ.

ಪ್ರಶ್ನೆ: ಬಡ್ಜಿಗಳ ಗರಿಗೆ ಅಡ್ಡಗೆರೆಗಳಿವೆ, ಗೆರೆಯಿರುವಲ್ಲೇ ತುಂಡಾಗುತ್ತಿವೆ. ನವಣೆ ಜೊತೆ ವಿಟಮಿನ್ ಪುಡಿ ಬೆರೆಸಿ ಕೊಡುತ್ತಿದ್ದೇವೆ.
(ಓದುಗರು, ಮಂಗಳೂರು)

ಉತ್ತರ: ಬಡ್ಜಿ ಕಾಳಿನ ಸಿಪ್ಪೆ ಸುಲಿದು ತಿನ್ನುತ್ತದೆ. ನಿಮ್ಮ ಪುಡಿ ಸಿಪ್ಪೆಯೊಂದಿಗೆ ತಟ್ಟೆಗೆ ಬೀಳುತ್ತಿದೆ.

ಗರಿ ಬೆಳೆಯುವ ದಿನಗಳಲ್ಲಿ ಆಹಾರ ಕೊರೆಯಾದರೆ, ಕಾಯಿಲೆಯೋ ಹೆದರಿಕೆಯೋ ಕಾಡಿದರೆ ಆ ದಿನದ ಭಾಗ ತೆಳುವಾಗಿ ಗೆರೆ ಮೂಡುತ್ತದೆ. ಬಾಲದ ಗರಿಗಳನ್ನು ಹರಡಿ ನೋಡಿ. ಎಲ್ಲದರಲ್ಲೂ ಒಂದೇ ಎತ್ತರಕ್ಕೆ ಗೆರೆಯಿದ್ದರೆ ಮರಿಯಾಗಿದ್ದಾಗ ಒಮ್ಮೆ ಬಂದ ಸಂಕಟ, ಮುಗಿದ ಮಾತು. ಬೇರೆಬೇರೆ ಎತ್ತರದಲ್ಲಿ ಹಲವು ಗೆರೆಗಳಿದ್ದರೆ ಕೊರತೆ ನಡೆಯುತ್ತಲೇ ಇದೆ. ನವಣೆಯೊಂದನ್ನೇ ತಿಂದ ಹಕ್ಕಿಗೆ ವಿಟಮಿನ್ ಎ, ಕ್ಯಾಲ್ಸಿಯಂ, ಗರಿಗೆ ಬೇಕಾದ ಪ್ರೋಟೀನು ಸಾಲುವುದಿಲ್ಲ. ನುಗ್ಗೆಸೊಪ್ಪು, ಕೊತ್ತಂಬರಿ, ತುರಿದ ಕ್ಯಾರೆಟ್ ದಿನವೂ. ಮೊಳಕೆ ಹೆಸರುಕಾಳು ದಿನ ಬಿಟ್ಟು ದಿನ. ಬೆಂದ ಮೊಟ್ಟೆ ಬಟಾಣಿ ಗಾತ್ರ, ವಾರಕ್ಕೆರಡು ಸಲ. ಮಂಗಳೂರಿನ ಸೆಕೆಗೆ ಮೊಳಕೆ, ಮೊಟ್ಟೆ ಎರಡು ಗಂಟೆಗೇ ಹಳಸುತ್ತವೆ, ಉಳಿದದ್ದು ತೆಗೆಯಿರಿ. ಬೆಣ್ಣೆಹಣ್ಣು ಮಾತ್ರ ಎಂದಿಗೂ ಬೇಡ, ಹಕ್ಕಿಗೆ ಅದು ಪ್ರಾಣಾಂತಿಕ.

ಪ್ರಶ್ನೆ: ಎದೆಯ ಗರಿಯೆಲ್ಲ ಕಿತ್ತುಕೊಂಡು ಬೋಳಾಗಿದೆ. ಉಣ್ಣೆಹುಳುವಿಗೆ ನಾಯಿಯ ಪೌಡರ್ ಹಾಕಬಹುದೆ?
(ಓದುಗರು, ಹುಬ್ಬಳ್ಳಿ)

ಉತ್ತರ: ಹಾಕಬೇಡಿ, ನಾಯಿಯ ಪೌಡರಿನ ಕೀಟನಾಶಕ ಹಕ್ಕಿಯ ಉಸಿರಿಗೂ ಕೊಕ್ಕಿಗೂ ಹೋಗುತ್ತದೆ. ಹುಳು ಇದಕ್ಕೆ ಕಾರಣವಾಗುವುದು ಕಡಿಮೆ. ತಲೆ ನೋಡಿ: ತನ್ನ ಕೊಕ್ಕು ತನ್ನ ತಲೆಗೆ ಎಟುಕದು. ತಲೆಯ ಗರಿ ನೆಟ್ಟಗಿದ್ದು ಎದೆ ಬೋಳಾಗಿದ್ದರೆ ಕೀಳುತ್ತಿರುವುದು ತಾನೇ. ತಲೆಯೂ ಬೋಳಾಗಿದ್ದರೆ ಜೊತೆಯ ಹಕ್ಕಿ ಕಿತ್ತಿರಬಹುದು ಇಲ್ಲವೇ ಕಾಯಿಲೆ. ಹೊಸ ಗರಿ ಸೊಟ್ಟಗೆ, ಬುಡ ಹಿಂಡಿದಂತೆ ಬರುತ್ತಿದ್ದರೆ ವೈರಸ್ ಪರೀಕ್ಷೆ ಆಗಲೇಬೇಕು, ಅಲ್ಲಿಯವರೆಗೆ ಬೇರೆ ಹಕ್ಕಿಗಳಿಂದ ದೂರವಿಡಿ.

ತಾನೇ ಕೀಳುವ ಹಕ್ಕಿಗೂ ಮೊದಲು ವೈದ್ಯರ ತಪಾಸಣೆ. ಕಾಕಟೀಲ್ ಆಗಿದ್ದರೆ ತಾಜಾ ಹಿಕ್ಕೆಯಲ್ಲಿ ಜಿಯಾರ್ಡಿಯಾ ಎಂಬ ಕರುಳಿನ ಪರಾವಲಂಬಿ ಜೀವಿ ಇದೆಯೇ ನೋಡಲು ಹೇಳಿ, ಅದರಿಂದ ತುರಿಕೆ ಬರುವುದುಂಟು. ಅದಾದಮೇಲೆ ಮನೆ: ಟಿವಿ ಹನ್ನೊಂದರವರೆಗೆ ಹಾಡುವ ಹಾಲ್‌ನಲ್ಲಿ ಪಂಜರವಿದ್ದರೆ ಬೇಕಾದ 10–12 ಗಂಟೆ ನಿದ್ದೆ ಎಲ್ಲಿಂದ ಬಂದೀತು? ಊದುಬತ್ತಿ, ಸೊಳ್ಳೆಬತ್ತಿಯ ಹೊಗೆ ತಪ್ಪಿಸಿ, ವಾರಕ್ಕೆ ಮೂರು ಸಲ ಬೆಳಗಿನ ಹೊತ್ತು ಉಗುರುಬೆಚ್ಚಗಿನ ನೀರು ಸಿಂಪಡಿಸಿ. ತಡಮಾಡಬೇಡಿ, ವರ್ಷಗಟ್ಟಲೆ ಕಿತ್ತರೆ ಕುಳಿ ಸತ್ತು ಆ ಜಾಗ ಬೋಳಾಗಿಯೇ ಉಳಿಯುತ್ತದೆ.

ಪ್ರಶ್ನೆ: ಉದುರಿದ ಗರಿಯನ್ನು ಅಂಟಿನಿಂದ ಮತ್ತೆ ಜೋಡಿಸಬಹುದಂತೆ, ನಿಜವೆ?
(ಓದುಗರು, ಬೆಂಗಳೂರು)

ಉತ್ತರ: ನಿಜ, ಡೇಗೆ ಎಂಬ ಬೇಟೆಹಕ್ಕಿ ಸಾಕುವವರ ಹಳೆಯ ವಿದ್ಯೆ ಅದು, ಗಾಯಗೊಂಡ ಹದ್ದುಗಳನ್ನು ಮತ್ತೆ ಹಾರಿಬಿಡಲು ಈಗಲೂ ಬಳಕೆಯಲ್ಲಿದೆ. ಅದೇ ಜಾತಿಯ, ಅದೇ ಬದಿಯ, ಅದೇ ಸ್ಥಾನದ ಉದುರಿದ ಗರಿ ಬೇಕು. ಹಕ್ಕಿಯ ಮೋಟು ಬಲಿತು ಟೊಳ್ಳಾಗಿರಬೇಕು. ಬಿದಿರಿನ ಸಣ್ಣ ಕಡ್ಡಿಯನ್ನು ಹೊಸ ಗರಿಯ ದಂಟಿಗೆ ಅಂಟಿಸಿ, ಇನ್ನೊಂದು ತುದಿಯನ್ನು ಮೋಟಿನೊಳಗೆ ಕೂರಿಸಿ, ಗರಿಯ ತಿರುವು ಪಕ್ಕದ್ದಕ್ಕೆ ಹೊಂದಿಸುತ್ತಾರೆ. ಅಂಟು ಬೇರೆ ಗರಿಗೆ ತಾಗದಂತೆ ಕೆಳಗೆ ಕಾಗದ ಇಡುತ್ತಾರೆ. ಸಾಕಿದ ಕಾಕಟೀಲ್‌ಗೆ ಇಷ್ಟೆಲ್ಲ ಅಗತ್ಯ ಬೀಳುವುದು ಅಪರೂಪ. ದಾವಣಗೆರೆಯ ಓದುಗರ ಹಕ್ಕಿಯಂತೆ ಹೊಸ ಗರಿಗೆ ಆಸರೆಯೇ ಇಲ್ಲದಿದ್ದಾಗ ಹಕ್ಕಿವೈದ್ಯರನ್ನು ಕೇಳಿನೋಡಬಹುದು. ಮನೆಯಲ್ಲಿ ಫೆವಿಕ್ವಿಕ್ ಹಿಡಿದು ಕೂರಬೇಡಿ.