ಒಂಬತ್ತು ಮೆಟ್ಟಿಲು ಮೂರಾದಾಗ

ಪ್ರಶ್ನೆ: ನನಗೆ 67 ವರ್ಷ. ಮೈಸೂರಿನಲ್ಲಿ ನಮ್ಮದು ಹಳೇ ಕಾಲದ ಮನೆ. ಮದುವೆಯಾಗಿ ಬಂದಾಗಿನಿಂದ ದಸರೆಗೆ ಒಂಬತ್ತು ಮೆಟ್ಟಿಲು ಗೊಂಬೆ ಕೂರಿಸುತ್ತಿದ್ದೆ. ಈಗ ಮಂಡಿನೋವು, ಅಟ್ಟ ಹತ್ತೋಕೆ ಆಗಲ್ಲ. ಅದಕ್ಕೇ ಹೋದ ವರ್ಷ ಪೆಟ್ಟಿಗೆಗಳನ್ನೆಲ್ಲ ಬೆಂಗಳೂರಿನ ಮಗಳಿಗೆ ಕೊಟ್ಟೆ. ಅವಳು ಫ್ಲಾಟಿನ ಹಾಲ್‌ನಲ್ಲಿ ಮೂರೇ ಮೆಟ್ಟಿಲು ಮಾಡಿ, ಪಟ್ಟದ ಗೊಂಬೆಯ ಪಕ್ಕದಲ್ಲೇ ಮೊಮ್ಮಗನ ಡೈನೋಸಾರ್ ನಿಲ್ಲಿಸಿದ್ದಳು. ನೋಡಿ ಅಳು ಬಂತು, ಎರಡು ಮಾತು ಅಂದುಬಿಟ್ಟೆ. ಈ ವರ್ಷ ಕೂರಿಸೋದೇ ಬೇಡ ಬಿಡಮ್ಮ ಅನ್ನುತ್ತಿದ್ದಾಳೆ. ನಾನು ಅಂದಿದ್ದು ತಪ್ಪಾ?
– ಹೆಸರು ಬೇಡ, ಮೈಸೂರು

ಉತ್ತರ: ಅಳು ಬಂದಿದ್ದು ತಪ್ಪಲ್ಲ ಅಮ್ಮ. ಆ ಪಟ್ಟದ ಗೊಂಬೆ ನಿಮ್ಮ ತವರಿನಿಂದ ಮದುವೆಯಲ್ಲಿ ಬಂದಿದ್ದಲ್ವಾ? ರಾಜ ರಾಣಿಗೆ ಪ್ರತಿ ವರ್ಷ ಹೊಸ ಜರಿ ಬಟ್ಟೆ ಉಡಿಸಿದ ಕೈ ನಿಮ್ಮದು. ಆದರೆ ಮಗಳಿಗೆ ಇವತ್ತೇ ಫೋನ್ ಮಾಡಿ, ಮೂರು ಮೆಟ್ಟಿಲೇ ಸಾಕು, ಕೂರಿಸು ಅಂತ ಹೇಳಿ. ಸಂಖ್ಯೆ ಬೆಸವಾಗಿರಬೇಕು ಅನ್ನೋದು ನಮ್ಮ ಕಡೆಯ ಪದ್ಧತಿ, ಮೂರು ಬೆಸವೇ.

ಡೈನೋಸಾರ್ ವಿಷಯಕ್ಕೆ ಬರೋಣ. ನಮ್ಮ ಅಜ್ಜಿ ಟ್ರಂಕು, ತಗಡಿನ ಡಬ್ಬ, ಮಣೆ ಎಲ್ಲ ಜೋಡಿಸಿ, ಮೇಲೆ ತಾತನ ಬಿಳಿ ಪಂಚೆ ಹಾಸಿ ಗೊಂಬೆ ಕೂರಿಸುತ್ತಿದ್ದರು. ನಮ್ಮಮ್ಮ ಅದರ ಮುಂದೆ ರಾಗಿ ಮೊಳಕೆಯ ಪಾರ್ಕು ಮಾಡಿ, ಕನ್ನಡಿ ಇಟ್ಟು ಕೊಳ ಮಾಡಿ, ಕ್ರಿಕೆಟ್ ಆಟಗಾರರನ್ನು ನಿಲ್ಲಿಸಿದರು. ಅಜ್ಜಿಗೆ ಆ ಕ್ರಿಕೆಟ್ ಒಂಚೂರೂ ಇಷ್ಟವಾಗಿರಲಿಲ್ಲ, ಇದೇನು ದೇವರ ಮುಂದೆ ಬ್ಯಾಟು ಬಾಲು ಅಂತ ಎರಡು ದಿನ ಮಾತು ಬಿಟ್ಟಿದ್ದರು. ಈಗ ಆ ಆಟಗಾರರಿಲ್ಲದ ಗೊಂಬೆ ಹಬ್ಬ ನನಗೆ ಹಬ್ಬವೇ ಅಲ್ಲ. ನಿಮ್ಮ ಮೊಮ್ಮಗನಿಗೂ ಡೈನೋಸಾರ್ ಹಾಗೇ ಆಗುತ್ತೆ. ಕೆಳಗಿನ ಮೆಟ್ಟಿಲು ಅವನಿಗೆ ಬಿಟ್ಟುಕೊಡಿ, ಮೇಲಿನ ಮೆಟ್ಟಿಲು ಪಟ್ಟದ ಗೊಂಬೆಗೆ ಇರಲಿ ಅಂತ ಮಗಳಿಗೆ ಪ್ರೀತಿಯಿಂದ ಹೇಳಿದರೆ ಅವಳು ಇಲ್ಲ ಅನ್ನಲ್ಲ.

ನಿಮ್ಮ ಊರಿನ ದಸರಾನೇ ನೋಡಿ. 1610ರಲ್ಲಿ ರಾಜ ಒಡೆಯರು ಶುರು ಮಾಡಿದ್ದು ಶ್ರೀರಂಗಪಟ್ಟಣದಲ್ಲಿ, ಮೈಸೂರಿಗೆ ಬಂದಿದ್ದು ಆಮೇಲೆ. ಸರ್ಕಾರ ರಾಜಮನೆತನಗಳಿಗೆ ಕೊಡುತ್ತಿದ್ದ ರಾಜಧನ 1971ರಲ್ಲಿ ರದ್ದಾಯಿತು, ಅಂಬಾರಿಯಲ್ಲಿ ಮಹಾರಾಜರು ಕೂರುತ್ತಿದ್ದ ಜಾಗದಲ್ಲಿ ಈಗ ತಾಯಿ ಚಾಮುಂಡೇಶ್ವರಿ ಕೂತಿದ್ದಾಳೆ. ಅಷ್ಟು ದೊಡ್ಡ ಬದಲಾವಣೆಯನ್ನೂ ನಮ್ಮ ಜನ ಒಪ್ಪಿಕೊಂಡು ಕೈಮುಗಿದರು.

ನನಗೆ ನಿಜವಾಗಿ ಸಂಕಟ ಆಗೋದು ಬೇರೆ ಒಂದು ವಿಷಯಕ್ಕೆ. ಸಂಜೆಯಾದರೆ ಬೀದಿಯ ಮಕ್ಕಳು ಗುಂಪು ಕಟ್ಟಿಕೊಂಡು "ರೀ, ಗೊಂಬೆ ಕೂರ್ಸಿದ್ದೀರಾ?" ಅಂತ ಮನೆಮನೆ ಬಾಗಿಲಿಗೆ ಬರುತ್ತಿದ್ದರಲ್ಲ, ಗುರುತಿದ್ದವರ ಮನೆ, ಗುರುತಿಲ್ಲದವರ ಮನೆ ಅಂತ ನೋಡುತ್ತಲೇ ಇರಲಿಲ್ಲ, ಒಂದು ಹಾಡು ಹೇಳಿ ಗೊಂಬೆ ಬಾಗಿನ ತಗೊಂಡು ಮುಂದಿನ ಮನೆಗೆ ಓಡುತ್ತಿದ್ದರು. ಒಂದು ಮನೇಲಿ ಕೊಬ್ಬರಿ ಸಕ್ಕರೆ, ಇನ್ನೊಂದು ಮನೇಲಿ ಕೋಡುಬಳೆ, ಮತ್ತೊಂದು ಕಡೆ ಕಡಲೆ ಉಸಲಿ. ಯಾರ ಮನೇಲಿ ರವೆ ಉಂಡೆ ಅಂತ ನಮಗೆ ಮೊದಲೇ ಸುದ್ದಿ ಸಿಗುತ್ತಿತ್ತು! ಅದು ನಿಂತೇ ಹೋಯಿತು, ಯಾವಾಗ ನಿಂತಿತು ಅಂತ ಗೊತ್ತೂ ಆಗಲಿಲ್ಲ. ಮೆಟ್ಟಿಲು ಕಮ್ಮಿಯಾಯಿತು ಅಂತ ನಾವು ಜಗಳ ಆಡುತ್ತೇವೆ, ಮಕ್ಕಳು ಬರೋದು ನಿಂತಿದ್ದಕ್ಕೆ ಯಾರೂ ಒಂದು ಮಾತು ಆಡಲಿಲ್ಲ.

ಅದಕ್ಕೇ ಒಂದು ಮಾತು ಕೇಳಿ. ಈ ಸಲ ಮಗಳ ಮನೆಗೆ ಎರಡು ದಿನ ಮೊದಲೇ ಹೋಗಿ. ನೀವು ಕೂತುಕೊಂಡು ಬಾಗಿನದ ಪೊಟ್ಟಣ ಕಟ್ಟಿ. ಆ ಅಪಾರ್ಟ್‌ಮೆಂಟಿನ ಮಕ್ಕಳನ್ನೆಲ್ಲ ಕರೆಸಿ, ಯಾವ ಭಾಷೆಯವರಾದರೂ ಸರಿ. ಪಟ್ಟದ ಗೊಂಬೆ ಯಾರ ಮದುವೆಯಲ್ಲಿ ಬಂತು, ಯಾವುದರ ಮೂಗು ಯಾರು ಒಡೆದರು, ಇದನ್ನೆಲ್ಲ ಮೊಮ್ಮಗನಿಗೆ ನೀವೇ ಹೇಳಬೇಕು. ಅವಳ ಹತ್ತಿರ ಪೆಟ್ಟಿಗೆ ಇದೆ, ಈ ಕಥೆಗಳು ನಿಮ್ಮ ಹತ್ತಿರ ಮಾತ್ರ ಇವೆ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಇಬ್ಬರಿಗೂ ಕೆಲಸ, ಜನರನ್ನು ಶನಿವಾರ ಮಾತ್ರ ಕರೆಯೋಕೆ ಆಗುತ್ತೆ. ನಡೆಯುತ್ತಾ? ಊರಿಂದ ಅಮ್ಮನ ರಕ್ತಚಂದನದ ಪಟ್ಟದ ಗೊಂಬೆ ತರಬಹುದಾ?
– ಒಬ್ಬ ಓದುಗಿ

ಉತ್ತರ: ಶನಿವಾರ ಕರೆಯಿರಿ, ಧಾರಾಳವಾಗಿ ನಡೆಯುತ್ತೆ. ಉಳಿದ ದಿನ ಕೆಲಸದಿಂದ ಬಂದು ಎರಡು ನಿಮಿಷ ಆರತಿ ಮಾಡಿ, ಮಗು ಹಾಡು ಹೇಳಲಿ. ವಿಜಯದಶಮಿ ರಾತ್ರಿ ಗೊಂಬೆ ಮಲಗಿಸೋದನ್ನು ಮಾತ್ರ ಮಗುವಿನ ಕೈಯಲ್ಲೇ ಮಾಡಿಸಿ, ಮಕ್ಕಳಿಗೆ ಅದು ತುಂಬಾ ಇಷ್ಟ.

ಪಟ್ಟದ ಗೊಂಬೆಯನ್ನು ಸುಮ್ನೆ ಸೂಟ್‌ಕೇಸಿಗೆ ಹಾಕಿಕೊಂಡು ಹೊರಡಬೇಡಿ. ರಕ್ತಚಂದನವನ್ನು ದೇಶದಿಂದ ಆಚೆ ಒಯ್ಯೋಕೆ ಕಟ್ಟುನಿಟ್ಟಿನ ಕಾನೂನಿದೆ, ವಿಮಾನ ನಿಲ್ದಾಣದಲ್ಲಿ ತಡೆದರೆ ಅಮ್ಮನ ಗೊಂಬೆ ವಾಪಸ್ ಸಿಗದೇ ಹೋಗಬಹುದು. ಮೊದಲು ಕಸ್ಟಮ್ಸ್‌ನವರನ್ನು ವಿಚಾರಿಸಿ. ಅಲ್ಲಿಯವರೆಗೆ ಚನ್ನಪಟ್ಟಣದ ರಾಜ ರಾಣಿ ಜೋಡಿ ತಗೊಂಡು ಹೋಗಿ. ಆಲೆ ಮರದ್ದು, ಅರಗಿನ ಬಣ್ಣ, ಹಗುರ, ಮಗು ಕೈಯಲ್ಲಿ ಹಿಡಿದು ಆಡಿದರೂ ಭಯವಿಲ್ಲ. ಅಮ್ಮನ ಗೊಂಬೆಯನ್ನು ಅಮ್ಮನೇ ಊರಲ್ಲಿ ಕೂರಿಸಲಿ, ನೀವು ಆರತಿ ಹೊತ್ತಿಗೆ ವಿಡಿಯೋ ಕಾಲ್ ಮಾಡಿ.