ವಿದ್ಯಾರ್ಥಿಯ ಅಂಕ, ಮೇಷ್ಟ್ರ ನಿದ್ದೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಮೇಷ್ಟ್ರ ಒಪ್ಪಿಗೆ ಇದೆ.)

ಗಣಿತದ ಮನೆಪಾಠವೇ ಈ ಮೇಷ್ಟ್ರ ಪೂರ್ಣಾವಧಿ ಕೆಲಸ. ಒಂದೇ ಸಂಜೆಯಲ್ಲಿ ಕಲನಶಾಸ್ತ್ರದಲ್ಲಿ ಸಿಕ್ಕಿಬಿದ್ದ ಕಾಲೇಜು ವಿದ್ಯಾರ್ಥಿ, ಮೂರನೇ ತರಗತಿಯ ಹುಡುಗಿ, ಹತ್ತನೇ ತರಗತಿಯ ಹುಡುಗ, ಉದ್ಯೋಗದ ಪರೀಕ್ಷೆಗೆ ಓದುತ್ತಿರುವ, ಮೇಷ್ಟ್ರಿಗಿಂತ ಹಿರಿಯರಾದ ಒಬ್ಬ ಮಹಿಳೆ ಸಾಲಾಗಿ ಬರುತ್ತಾರೆ. ಆಪ್ತಸಮಾಲೋಚಕಿಯಾದ ನನ್ನಲ್ಲಿಗೆ ಅವರು ಬಂದದ್ದು ನಿದ್ದೆ ಬಾರದೆ. “ಪರೀಕ್ಷೆ ಅವರದು ಮೇಡಂ, ಎದೆ ಹೊಡ್ಕೊಳ್ಳೋದು ನನಗೆ” ಎಂದರು.

ಸ್ವಲ್ಪ ಹೊತ್ತು ಮಾತಾಡಿದ ಮೇಲೆ ನಿಜವಾಗಿ ಕೊರೆಯುತ್ತಿದ್ದದ್ದು ಹೊರಬಂತು. ಆ ಪುಟ್ಟ ಹುಡುಗಿ 305ರಿಂದ 178 ಕಳೆದು 273 ಎಂದು ಬರೆದಿದ್ದಳು. “ಇಷ್ಟೂ ಬರಲ್ವಾ?” ಎಂದು ಗದರಿದ್ದರು. ಮಾರನೆಯ ದಿನ ಅವಳು ಪಾಠಕ್ಕೆ ಬರುವುದಿಲ್ಲ ಎಂದು ಹಟ ಹಿಡಿದಳು. “ನನ್ನ ತಾಳ್ಮೆ ಮುಗಿದುಹೋಗಿದೆ, ಈ ಕೆಲಸಕ್ಕೆ ನಾನು ಲಾಯಕ್ಕಲ್ಲ” ಎಂಬುದು ಅವರೇ ಕೊಟ್ಟುಕೊಂಡ ತೀರ್ಪು.

ನಾನು ಅದನ್ನು ಒಪ್ಪಲಿಲ್ಲ. ಅದೇ ಸಂಜೆ ಆ ಹಿರಿಯ ಮಹಿಳೆಗೆ ಶೇಕಡಾ ಲೆಕ್ಕವನ್ನು ಮತ್ತೆ ಮತ್ತೆ ಬೇಸರವಿಲ್ಲದೆ ಬಿಡಿಸಿ ಹೇಳಿದವರು ಇವರೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ವೃತ್ತಿ ಬಳಲಿಕೆಯ (ಬರ್ನ್‌ಔಟ್) ವಿವರಣೆ ಇದೆ: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಕೈಯಲ್ಲಿ ಆಗುತ್ತಿಲ್ಲವೆಂಬ ಭಾವ. ಇವರಲ್ಲಿ ದಣಿವು ಇತ್ತು, ಅಳುಕೂ ಇತ್ತು; ಆದರೆ ಒಂದು ಪ್ರಮೇಯದ ಸೊಗಸಾದ ಸಾಧನೆಯ ಬಗ್ಗೆ ಹೇಳುವಾಗ ಕಣ್ಣು ಅರಳುತ್ತಿತ್ತು. ವಿದ್ಯಾರ್ಥಿಗಳನ್ನು ಕಡಿಮೆ ಮಾಡಿ ಎಂದು ಹೇಳಿ ಕಳಿಸುವುದು ಸುಲಭ. ಅದು ಇವರಿಗೆ ಬೇಕಾದ ಸಲಹೆ ಅಂತ ನನಗೆ ಅನಿಸಲಿಲ್ಲ.

ಆ ಸಂಜೆಯ ಕ್ರಮವನ್ನು ಕೇಳಿದೆ. ಕಾಲೇಜು ಹುಡುಗನ ಅನುಕಲನದ (ಇಂಟಿಗ್ರೇಷನ್) ಲೆಕ್ಕ ಅರ್ಧಕ್ಕೆ ನಿಂತಿತ್ತು, ಬಾಗಿಲಲ್ಲಿ ಹುಡುಗಿ ಕಾಯುತ್ತಿದ್ದಳು, ನಡುವೆ ಒಂದು ನಿಮಿಷವೂ ಇರಲಿಲ್ಲ. ಮುಗಿಯದ ಕೆಲಸ ಬಿಟ್ಟು ಮುಂದಿನದಕ್ಕೆ ಹೋದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದರು. ಮೇಷ್ಟ್ರ ತಲೆ ಇನ್ನೂ ಅನುಕಲನದಲ್ಲೇ ಇತ್ತು, ಹಾಗಾಗಿ 273 ಬರೀ ದಡ್ಡತನದಂತೆ ಕಂಡಿತು.

ದಡ್ಡತನ ಅಲ್ಲವೇ ಅಲ್ಲ. “ಚಿಕ್ಕದರಿಂದ ದೊಡ್ಡದು ಕಳೆಯೋಕಾಗಲ್ಲ” ಎಂದು ಹೇಳಿಸಿಕೊಂಡ ಮಗು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ: 8ರಿಂದ 5 ತೆಗೆದು 3, 7ರಿಂದ 0 ತೆಗೆದು 7, 3ರಿಂದ 1 ತೆಗೆದು 2. ಕಲಿತ ನಿಯಮವನ್ನು ನಿಷ್ಠೆಯಿಂದ ಪಾಲಿಸಿದೆ! ಇದನ್ನು ಹೇಳಿದಾಗ ಮೇಷ್ಟ್ರು ಬಹಳ ಹೊತ್ತು ಸುಮ್ಮನಿದ್ದರು. ಗದರಿಕೆಯ ಇನ್ನೊಂದು ನಷ್ಟವನ್ನೂ ಹೇಳಿದೆ. ಗಣಿತದ ಭಯ ಇರುವವರು ದಶಕವನ್ನು ಮುಂದಿನ ಸ್ಥಾನಕ್ಕೆ ಒಯ್ಯಬೇಕಾದ ಕೂಡುವ ಲೆಕ್ಕಗಳಲ್ಲೇ ಹೆಚ್ಚು ಎಡವುತ್ತಾರೆ, ಏಕೆಂದರೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಜಾಗವನ್ನು ಆತಂಕವೇ ತಿನ್ನುತ್ತದೆ ಎಂದು ಸಂಶೋಧಕರಾದ ಆಶ್‌ಕ್ರಾಫ್ಟ್ ಮತ್ತು ಕರ್ಕ್ 2001ರಲ್ಲಿ ವಿವರಿಸಿದ್ದಾರೆ. ಸೊನ್ನೆ ದಾಟಿ ಸಾಲ ತರಬೇಕಾದ ಈ ಲೆಕ್ಕಕ್ಕೂ ಅದೇ ಜಾಗ ಬೇಕು.

ಸಲಹೆ ಹೀಗಿತ್ತು. ಇಬ್ಬರು ವಿದ್ಯಾರ್ಥಿಗಳ ನಡುವೆ ಹತ್ತು ನಿಮಿಷ ಬಿಡಿ. ಅದರಲ್ಲಿ ಎರಡು ನಿಮಿಷ, ಹಿಂದಿನ ಪಾಠ ಎಲ್ಲಿ ನಿಂತಿತು, ಮುಂದಿನ ಸಲ ಎಲ್ಲಿಂದ ಶುರು ಎಂದು ಬರೆದು ಪುಸ್ತಕ ಮುಚ್ಚಿ. ಚಿಕ್ಕವರನ್ನು ಮೊದಲಿಗೆ ಕರೆಯಿರಿ, ಕಲನಶಾಸ್ತ್ರ ಕೊನೆಗಿರಲಿ. ಆ ಹುಡುಗಿಗೆ, “ನಿನ್ನ ಲೆಕ್ಕದಲ್ಲಿ ಒಂದು ಯೋಚನೆ ಇತ್ತು ಪುಟ್ಟಿ, ನಾನು ಕೇಳದೆ ಬೈದೆ, ತಪ್ಪಾಯ್ತು. ಹೇಗೆ ಮಾಡಿದೆ ಹೇಳು” ಎಂದು ನೇರವಾಗಿ ಹೇಳಿ. ಮಗುವಿನ ಮುಂದೆ ಕ್ಷಮೆ ಕೇಳಲು ಹಿಂಜರಿಯಬೇಡಿ ಎಂದು ಒತ್ತಿ ಹೇಳಿದೆ. ನಿದ್ದೆ ಇನ್ನೂ ಕೆಲವು ವಾರ ಸರಿಹೋಗದಿದ್ದರೆ ವೈದ್ಯರನ್ನು ನೋಡಲೂ ತಿಳಿಸಿದೆ.

ಹತ್ತನೇ ತರಗತಿಯ ಹುಡುಗನದು ಬೇರೆಯೇ ಗಂಟು. ಮನೆಪಾಠದಲ್ಲಿ ಎಲ್ಲವೂ ಸರಿ, ಪರೀಕ್ಷೆಯಲ್ಲಿ ಪೇಪರ್ ಖಾಲಿ. ಪೆನ್ನು ಯಾರ ಕೈಯಲ್ಲಿರುತ್ತದೆ ಎಂದು ಕೇಳಿದೆ. “ನನ್ನ ಕೈಯಲ್ಲೇ” ಎಂದರು. ಅಂಕ ಕಡಿಮೆಯಾದರೆ ತನ್ನ ತಲೆಗೇ ಬರುತ್ತದೆಂಬ ಭಯದಲ್ಲಿ, ಹುಡುಗ ತಡವರಿಸುವ ಮೊದಲೇ ಇವರು ಮುಂದಿನ ಹೆಜ್ಜೆ ಬರೆದುಬಿಡುತ್ತಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡಿಗೂ ಹೆಚ್ಚು ಕಾದರೆ ಉತ್ತರಗಳು ದೀರ್ಘವಾಗುತ್ತವೆ, ಸುಮ್ಮನೆ ಕೂತವರೂ ಬಾಯಿ ಬಿಡುತ್ತಾರೆ ಎಂಬುದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಕಂಡುಕೊಂಡದ್ದು. ಪೆನ್ನು ಹುಡುಗನಿಗೇ ಕೊಟ್ಟು ಕಾಯಿರಿ ಎಂದೆ. ಕಾಯುವ ಆ ಹೊತ್ತಿನಲ್ಲಿ ಏರುವ ಆತಂಕ ನಿಮ್ಮದು, ಅದನ್ನು ಇಲ್ಲಿಗೆ ತನ್ನಿ, ಅವನ ಹಾಳೆಯ ಮೇಲೆ ಇಳಿಸಬೇಡಿ. ವಾರಕ್ಕೊಮ್ಮೆ ಅಂಕದ ಬದಲು, ಅವನು ಒಬ್ಬನೇ ಯಾವ ಹೆಜ್ಜೆ ದಾಟಿದ ಎಂದು ಪೋಷಕರಿಗೆ ತಿಳಿಸಿ. ರಾತ್ರಿ ಅವರ ಫೋನ್ ತೆಗೆಯಬೇಡಿ.

ಹುಡುಗಿ ಮತ್ತೆ ಬರುತ್ತಿದ್ದಾಳೆ. ಹುಡುಗನ ತಂದೆ ಮಾತ್ರ “ಮೇಷ್ಟ್ರು ಈಗ ಲೆಕ್ಕ ಮಾಡಿಕೊಡ್ತಿಲ್ಲ” ಎಂದು ಅವನನ್ನು ಬೇರೆ ಕಡೆ ಸೇರಿಸಿದರು. ಇದರಿಂದ ಮೇಷ್ಟ್ರಿಗೆ ತುಂಬ ನೋವಾಗಿದೆ, ಹಳೆಯ ರೀತಿಗೇ ಮರಳಲೇ ಎಂದೂ ಕೇಳಿದರು. ಬೇಡ ಎಂದಿದ್ದೇನೆ. ಹೊಸಬರನ್ನು ಸೇರಿಸಿಕೊಳ್ಳುವ ಮೊದಲೇ ತಾವು ಹೇಗೆ ಕಲಿಸುತ್ತೇವೆಂದು ಪೋಷಕರಿಗೆ ಹೇಳುವ ಮಾತುಗಳನ್ನು ಈಗ ಇಬ್ಬರೂ ಕೂತು ಸಿದ್ಧ ಮಾಡುತ್ತಿದ್ದೇವೆ. ಬಹುತೇಕ ರಾತ್ರಿ ನಿದ್ದೆ ಬರುತ್ತಿದೆ. ವಿದ್ಯಾರ್ಥಿಗಳ ಪರೀಕ್ಷೆಯ ಹಿಂದಿನ ರಾತ್ರಿ ಇನ್ನೂ ಇಲ್ಲ.