ಹಾಸ್ಯನಟರ ನುಡಿನಮನದಲ್ಲಿ ಕಾಮಿಡಿ ಸೀನ್ ಹಾಕಿದರೆ ತಪ್ಪಾ?

ಹಾಸ್ಯನಟ ಎಂ.ಎಸ್. ಉಮೇಶ್ ಅವರಿಗೆ ದಾವಣಗೆರೆಯಲ್ಲಿ ನುಡಿನಮನ ಇಟ್ಟುಕೊಂಡಿದ್ದೀರಿ. ‘ಗೋಲ್‌ಮಾಲ್ ರಾಧಾಕೃಷ್ಣ’ದ ಸೀತಾಪತಿ ಸೀನ್ ಹಾಕಿ ಜನ ನಕ್ಕರೆ ಅಗೌರವ ಆಗುತ್ತಾ ಅಂತ ಕೇಳಿದ್ದೀರಿ. ನಗುವಿಗೆ ಹೆದರಬೇಡಿ. ಹೆದರಬೇಕಾದ್ದು ಶಾಲು, ಹಾರಕ್ಕೆ.

2024ರ ಏಪ್ರಿಲ್ 16ರಂದು ದ್ವಾರಕೀಶ್ ತೀರಿಕೊಂಡಾಗ ಅವರ ನುಡಿನಮನಕ್ಕೆ ಹೊರಟ ನಮ್ಮ ಗೆಳೆಯರ ಬಳಗದಲ್ಲೂ ಇದೇ ಚರ್ಚೆ ಆಯಿತು. ಲೋಕಸಭೆ ಚುನಾವಣೆಯ ನೀತಿಸಂಹಿತೆ ಇತ್ತು. ರಾಜಕಾರಣಿಗಳು ವೇದಿಕೆ ಹತ್ತಲ್ಲ, ಬಚಾವ್ ಅಂದುಕೊಂಡೆವು. ಅವರ ಕುರ್ಚಿಗೆ ಊರಿನ ಗಣ್ಯರು ಬಂದರು!

ಮೊದಲೇ ನಗಿಸಿದರೆ ಸಭೆಯ ಗಾಂಭೀರ್ಯ ಹೋಗುತ್ತೆ ಅಂತ ಸೀನ್‌ಗಳನ್ನು ಕೊನೆಗೆ ಇಟ್ಟಿದ್ದು ನಾನೇ. ಪ್ರಾರ್ಥನೆ, ಸ್ವಾಗತ, ದೀಪ, ಪುಷ್ಪನಮನ, ಅತಿಥಿಗಳ ಮಾತು, ಅಧ್ಯಕ್ಷರ ಭಾಷಣ, ಆಮೇಲೆ ದ್ವಾರಕೀಶ್. ಸ್ವಾಗತ ಮಾಡಿದವರು ವೇದಿಕೆ ಮೇಲಿದ್ದವರನ್ನೆಲ್ಲ ಹೊಗಳಿದರು. ಹೊಗಳಿಸಿಕೊಂಡವರು ವಾಪಸ್ ಹೊಗಳಿದರು. ಒಬ್ಬರಿಗೆ ಶಾಲು ಹಾಕಿದ ಮೇಲೆ ಪಕ್ಕದವರಿಗೆ ಹಾಕದೆ ಇರೋಕಾಗುತ್ತಾ? ಹುಣಸೂರಿನ ಹುಡುಗ ದ್ವಾರಕೀಶ್ 1969ರಲ್ಲೇ ರಾಜ್‌ಕುಮಾರ್ ಅವರನ್ನು ಹಾಕಿಕೊಂಡು ‘ಮೇಯರ್ ಮುತ್ತಣ್ಣ’ ನಿರ್ಮಿಸಿದ್ದು ಒಬ್ಬರ ಬಾಯಲ್ಲೂ ಬರಲಿಲ್ಲ. ಅಧ್ಯಕ್ಷರು ಎದ್ದಾಗ ಮಕ್ಕಳನ್ನು ಕರೆದುಕೊಂಡು ಬಂದವರು ಹೊರಟರು. ಅವರು ಕೂತಾಗ ಪ್ರೊಜೆಕ್ಟರ್ ಹುಡುಗನೂ ವೈರ್ ಸುತ್ತುತ್ತಿದ್ದ. ಅವನಿಗೆ ಇನ್ನೊಂದು ಕಡೆ ಆರತಕ್ಷತೆಯ ಬುಕಿಂಗ್ ಇತ್ತು. ಒಂದೇ ಒಂದು ಸೀನ್ ತೋರಿಸಲಿಲ್ಲ. ಹಾಲ್ ಬಾಡಿಗೆ, ಫ್ಲೆಕ್ಸ್ ಎಲ್ಲ ನೀರುಪಾಲು. ಚಂದಾ ಕೊಟ್ಟವರು ಇವತ್ತಿಗೂ ಬಿಟ್ಟಿಲ್ಲ: ‘ದ್ವಾರಕೀಶ್ ಬಂದ್ರೇನಪ್ಪಾ?’

ಆವತ್ತು ಜನ ನಕ್ಕಿದ್ದು ಹೊರಗೆ, ಮಂಡಕ್ಕಿ ಮಿರ್ಚಿ ಹಂಚುವಾಗ. ಕಂಪನಿ ನಾಟಕದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದ ಹಿರಿಯರೊಬ್ಬರು ಮಾತಿಗೆ ಶುರು ಮಾಡಿದರು. ರಂಗದ ಹಿಂಭಾಗದಲ್ಲಿ ಅರಮನೆ ಸೀನರಿ ತೆಗೆದು ಕಾಡು ನಿಲ್ಲಿಸಬೇಕು. ಅಷ್ಟು ಹೊತ್ತು ಮುಂದೆ ಪರದೆ ಇಳಿಸಿ ಹಾಸ್ಯದವರನ್ನು ಬಿಡುತ್ತಿದ್ದರಂತೆ. ಒಳಗೆ ಮೊಳೆ ಹೊಡೆಯುವ ಸದ್ದು ನಿಲ್ಲುವ ತನಕ ಮಾತು ಬೆಳೆಸಬೇಕು. ಸದ್ದು ಜಾಸ್ತಿಯಾದರೆ ಅದನ್ನೇ ಜೋಕ್ ಮಾಡಬೇಕು. ಇಷ್ಟನ್ನೂ ಅವರು ಅಭಿನಯಿಸಿಯೇ ತೋರಿಸಿದರು. ಒಳಗೆ ಅವರನ್ನು ಮಾತಾಡಿ ಅಂತ ನಾವ್ಯಾರೂ ಕರೆದಿರಲಿಲ್ಲ.

ಅದಕ್ಕೇ ಸೀನ್ ಹಾಕೋದೋ ಬೇಡವೋ ಅನ್ನೋ ಪ್ರಶ್ನೆಯೇ ನನಗೆ ಸಣ್ಣದು ಅನಿಸುತ್ತೆ. ಆ ಸೀನ್ ಎಲ್ಲರ ಮೊಬೈಲಲ್ಲೂ ಇದೆ. ಉಮೇಶ್ ಮಗುವಾಗಿದ್ದಾಗಲೇ ಕಂಪನಿ ನಾಟಕದ ರಂಗ ಹತ್ತಿದವರು, ಗುಬ್ಬಿ ವೀರಣ್ಣನವರ ಕಂಪನಿಯಲ್ಲೂ ಇದ್ದವರು. ನೀವಿರೋದು ನಾಟಕ ಕಂಪನಿ ನಡೆಸಿದ ನಟಿ ಚಿಂದೋಡಿ ಲೀಲಾ ಅವರ ಊರಲ್ಲಿ. ಕಂಪನಿಯಲ್ಲಿ ಬಣ್ಣ ಹಚ್ಚಿದವರು, ಪರದೆ ಎಳೆದವರು ಈಗಲೂ ಇದ್ದಾರೆ. ಹುಡುಕಿ ಕರೆತನ್ನಿ, ಮೈಕ್ ಅವರಿಗೆ ಕೊಡಿ. ‘ತುಂಬಾ ಒಳ್ಳೆಯ ಮನುಷ್ಯ’ ಅನ್ನುವವರಿಗೆ ಒಂದು ಘಟನೆ ಹೇಳಿ ಅನ್ನಿ. ಇಲ್ಲದಿದ್ದರೆ ಕೂರಿಸಿ.

ಸೀನ್ ಹಾಕಲೇಬೇಕು ಅಂದರೆ ಮೊದಲಿಗೇ ಹಾಕಿ. ಜೊತೆಗೆ ಪುಟ್ಟಣ್ಣ ಕಣಗಾಲರ ‘ಕಥಾಸಂಗಮ’ದ ತಿಮ್ಮರಾಯನನ್ನೂ ತೋರಿಸಿ. ಅದು 1976ರ ಸಿನಿಮಾ, ರಜನಿಕಾಂತ್ ಜೊತೆಗಿನ ಪಾತ್ರ. ನಗಿಸುವ ಉಮೇಶ್ ಅಲ್ಲಿಲ್ಲ, ನೋಡಿದರೆ ಮೈ ಉರಿಯುತ್ತೆ.

ಹಾಲ್ ಬೇಡ, ಬಡಾವಣೆಯ ಬಯಲು ಸಾಕು. ಮೈಕ್‌ಗೆ ಠಾಣೆಯಲ್ಲಿ ಮೊದಲೇ ಅನುಮತಿ ತಗೊಳ್ಳಿ. ರಾತ್ರಿ 10ಕ್ಕೆ ನಿಲ್ಲಿಸಲೇಬೇಕು, ಆದ್ದರಿಂದ 6ಕ್ಕೇ ಶುರು ಮಾಡಿ.